ಹಣ್ಣಿಗಾಗಿ ಹೊಲಿದ ಪೊಟ್ಟಣ

ಆ ಭಾನುವಾರ ನನ್ನ ತಂಗಿ ನನ್ನ ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತಿದ್ದಳು. ಗೌರಿಬಿದನೂರಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ನನ್ನದು ಒಂದೇ ಬಾಗಿಲಿನ ಟೈಲರ್ ಅಂಗಡಿ. ಅವಳು ಚಿಂತಾಮಣಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಹೇಳುತ್ತಿದ್ದಳು. ಶನಿವಾರ ಪಾಠ ಮುಗಿಸಿ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ಕತ್ತಲಾಗುವುದರೊಳಗೆ ಮನೆ ಸೇರುತ್ತಿದ್ದಳು. ಬಟ್ಟೆಯ ಚೀಲಕ್ಕಿಂತ ಗಿಡದ ಕಟ್ಟು ದೊಡ್ಡದಿರುತ್ತಿತ್ತು. ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿದ ರೆಂಬೆಗಳನ್ನು ದಪ್ಪ ಬಿಳಿ ಹಾಳೆಗೆ ಹೊಲಿದು ನಿಲ್ಲಿಸಬೇಕು. ಗೋಂದು ಹಚ್ಚಿದರೆ ಹುಳ ಹಿಡಿಯುತ್ತದೆ ಎನ್ನುತ್ತಿದ್ದಳು. ಆ ಹೊಲಿಗೆ ನನ್ನ ಪಾಲಿನ ಕೆಲಸ.

"ಗಂಟು ಹಿಂದುಗಡೆ ಬರಲಿ ಅಣ್ಣ."

"ಇಪ್ಪತ್ತು ವರ್ಷದಿಂದ ಕಾಜಾ ಹೊಲೀತಿರೋನಿಗೆ ಗಂಟು ಹಾಕೋದು ಹೇಳಿಕೊಡ್ತೀಯಾ?"

"ಶರಟು ಹರಿದ್ರೆ ಇನ್ನೊಂದು ಹೊಲೀತೀಯ. ಈ ಹೂವು ಇರೋದು ಇಷ್ಟೇ ಕಣಣ್ಣ."

ನಾನು ಸೂಜಿಯನ್ನು ನಿಧಾನ ಮಾಡಿದೆ. ಅವಳು ನೋಟ್ ಪುಸ್ತಕ ತೆರೆದಳು. ಗಿಡವನ್ನು ಮಾತಿನಲ್ಲಿ ಹೇಳುವ ಕೆಲಸ ಅದು. ಆವತ್ತು ನಾನು ಹೊಲಿಯುತ್ತಿದ್ದದ್ದು ಇಡೀ ಪ್ರಪಂಚದಲ್ಲಿ ಯಾರೂ ಇದುವರೆಗೆ ಬರೆದಿಡದ ಗಿಡ ಎಂದು ಅವಳಿಗೆ ಅನುಮಾನ, ಅನುಮಾನಕ್ಕಿಂತ ಆಸೆ. ಅಂಥ ಗಿಡವನ್ನು ಬೇರಿನಿಂದ ಹಿಡಿದು ತುದಿಯವರೆಗೆ ಬರೆಯಬೇಕು. ಓದಿದವನು ಯಾವ ಊರಿನವನಾದರೂ ಅದನ್ನು ಗುರುತು ಹಿಡಿಯುವಂತಿರಬೇಕು. ಅವಳು ಮೊದಲು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು.

"ಎಲೆ ಅಂಚಿಗೆ ಏನಂತ ಬರೀಲಿ? ಹಲ್ಲೂ ಇಲ್ಲ, ಸಪಾಟಾಗೂ ಇಲ್ಲ."

ನಾನು ಭೂತಗನ್ನಡಿಯಲ್ಲಿ ನೋಡಿದೆ. "ಹೆಮ್ಮಿಂಗ್ ಮಾಡೋಕೆ ಮುಂಚೆ ಬಟ್ಟೆ ಒಳಕ್ಕೆ ಮಡಿಚಿರ್ತೀವಲ್ಲ, ಹಂಗೈತೆ."

ಅವಳು ಹಾಗೆಯೇ ಬರೆದುಕೊಂಡಳು. ಎಲೆಯ ಹಿಂಭಾಗ ಫ್ಲಾನೆಲ್ ಬಟ್ಟೆಯಂತೆ ಎಂದೆ, ಅದನ್ನೂ ಬರೆದಳು. ಹೂವಿನ ಬುಡದ ಹಸಿರು ಬಟ್ಟಲು ಒಳಗೆ ಗಡಸು ಕ್ಯಾನ್ವಾಸ್ ಹಾಕದ ಕಾಲರಿನಂತೆ ಹೊರಕ್ಕೆ ಮಗುಚಿಕೊಂಡಿತ್ತು. ಅದನ್ನು ಹೇಳಿದಾಗ ಅವಳು ಪೆನ್ನು ಕೆಳಗಿಟ್ಟು ನಕ್ಕಳು.

"ಇದನ್ನೆಲ್ಲ ಆಮೇಲೆ ಲ್ಯಾಟಿನ್ ಭಾಷೆಗೆ ಹಾಕಬೇಕು. ಹೊಸ ಗಿಡ ಅಂದ್ರೆ ಅದೇ ನಿಯಮ."

"ಯಾಕೆ, ಗಿಡಕ್ಕೆ ಕನ್ನಡ ಬರಲ್ವಾ?"

"ಗಿಡಕ್ಕೆ ಬರುತ್ತೆ. ಓದೋರಿಗೆ ಬರಲ್ಲ."

ಅಮ್ಮ ಊಟಕ್ಕೆ ಕರೆಯಲು ಬಂದು ಬಾಗಿಲಲ್ಲಿ ನಿಂತಿದ್ದಳು. "ಇಬ್ರೂ ಗಿಡದ ಕಾಲರ್ ಅಳೀತಾ ಕೂತಿರಿ. ಮುದ್ದೆ ಆರಿ ಕಲ್ಲಾಯ್ತು" ಎಂದಳು.

ಏಳುವ ಮೊದಲು ತಂಗಿ ಪುಸ್ತಕದ ಕೊನೆಯ ಸಾಲು ತೋರಿಸಿದಳು. 'ಹಣ್ಣು' ಎಂದು ಬರೆದು ಎರಡು ಚುಕ್ಕಿ ಇಟ್ಟಿದ್ದಳು. ಮುಂದೆ ಏನೂ ಇರಲಿಲ್ಲ. ಹಣ್ಣನ್ನು ನಾವಿಬ್ಬರೂ ನೋಡಿರಲಿಲ್ಲ. ಹಣ್ಣು ಒಣಗಿ ಬಿರಿಯುತ್ತದೋ, ಒಳಗೆ ತಿರುಳಿರುತ್ತದೋ, ಬೀಜ ಎಷ್ಟೋ, ಅದು ತಿಳಿಯದೆ ಈ ಗಿಡ ಯಾವ ಕುಲಕ್ಕೆ ಸೇರಿದ್ದೆಂದು ಖಚಿತವಾಗಿ ಹೇಳುವಂತಿಲ್ಲವಂತೆ. ಅವಳು ಒಂದು ಕಾಗದವನ್ನು ಔಷಧಿ ಅಂಗಡಿಯವರು ಪುಡಿ ಕಟ್ಟಿಕೊಡುವ ಹಾಗೆ ಮಡಿಚಿ ಪೊಟ್ಟಣ ಮಾಡಿದಳು.

"ಇದನ್ನ ಹಾಳೆ ಮೂಲೆಗೆ ಹೊಲಿದುಬಿಡು. ಹಣ್ಣು ಸಿಕ್ಕಿದಾಗ ಇದರೊಳಕ್ಕೆ ಹಾಕಣ."

ನಾಲ್ಕು ಟಾಕಾ ಹಾಕಿ ಹೊಲಿದೆ. ಊಟ ಮಾಡಿದೆವು. ಸಂಜೆ ಅವಳು ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹತ್ತಿಸಲು ಹೋದಾಗ ತಲೆ ಭಾರವಾಗಿದೆ ಎಂದಳು. ರಾತ್ರಿ ನಿದ್ದೆ ಸಾಲದೆ ಇರಬೇಕು ಎಂದು ನಾನು ಹೇಳಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೊರಟಿತು.

ಗುರುವಾರ ಅಂಗಡಿಯ ಎದುರಿನ ಔಷಧಿ ಅಂಗಡಿಗೆ ಚಿಂತಾಮಣಿಯಿಂದ ಫೋನ್ ಬಂತು. ಜ್ವರ ತಲೆಗೆ ಏರಿದೆ, ಬೇಗ ಬನ್ನಿ ಎಂದು. ನಾನು ಹೋಗುವ ಹೊತ್ತಿಗೆ ಅವಳಿಗೆ ಎಚ್ಚರ ಇರಲಿಲ್ಲ. ಶುಕ್ರವಾರ ಮಧ್ಯಾಹ್ನ ಹೋಗಿಬಿಟ್ಟಳು. ಅವಳಿಗೆ ಇಪ್ಪತ್ತೊಂಬತ್ತು ವರ್ಷ.

ನಮ್ಮಲ್ಲಿ ಮಣ್ಣು ಮಾಡುವುದು ಪದ್ಧತಿ. ಮಾಡಿ ಬಂದೆವು. ಬುದ್ಧನ ಪಟದ ಮುಂದೆ ಅಮ್ಮ ದೀಪ ಹಚ್ಚಿ, ಮೂರು ದಿನ ಅಲ್ಲಿಂದ ಏಳಲಿಲ್ಲ. ನಾನು ಕೂರಲಿಲ್ಲ.

ಕೂರಲಾಗದ ಆ ಅಭ್ಯಾಸ ನನಗೆ ಅಲ್ಲಿಂದ ಶುರುವಾಯಿತು. ಮಷೀನಿನ ಮುಂದೆ ಕೂತು ಪೆಡಲಿನ ಮೇಲೆ ಕಾಲಿಟ್ಟರೆ ಒಂದು ತೋಳು ಮುಗಿಯುವುದರೊಳಗೆ ಎದ್ದು ಬಾಗಿಲಿಗೆ ಬರುತ್ತಿದ್ದೆ. ಗಿರಾಕಿಗಳು ಅಳತೆ ಕೊಡುತ್ತಿದ್ದರೆ ನನ್ನ ಕಣ್ಣು ಬಸ್ಸಿನ ಕಡೆಗೆ. ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ಊರಾಚೆವರೆಗೆ ನಡೆದು ಬಂದದ್ದೂ ಉಂಟು. ಚಿಂತಾಮಣಿಯ ಅವಳ ಬಾಡಿಗೆ ಕೋಣೆಯನ್ನು ಖಾಲಿ ಮಾಡಲು ಒಂದು ಸಲ ಹೋದರೆ ಸಾಕಿತ್ತು. ನಾನು ನಾಲ್ಕು ಸಲ ಹೋದೆ. ಒಂದು ಸಲ ಪಾತ್ರೆ, ಒಂದು ಸಲ ಪುಸ್ತಕ, ಒಂದು ಸಲ ಬರೀ ಚಪ್ಪಲಿ. ಶಿಡ್ಲಘಟ್ಟದಲ್ಲಿ ಬಸ್ಸು ನಿಂತಾಗ ರೇಷ್ಮೆಗೂಡು ಬೇಯಿಸುವ ವಾಸನೆ ಒಳಕ್ಕೆ ಬರುತ್ತಿತ್ತು. ಅವಳು ಆ ಊರಿನಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದಳೆಂದು ನೆನಪಾಗಿ ನಾನು ಕಿಟಕಿ ಮುಚ್ಚುತ್ತಿದ್ದೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ.

ಆ ನೋಟ್ ಪುಸ್ತಕ ನನ್ನ ಹತ್ತಿರವೇ ಉಳಿದಿತ್ತು. ಹೊಲಿದ ಹಾಳೆಗಳೂ. ತಿಂಗಳಾದ ಮೇಲೆ ಅವನ್ನು ಎರಡು ರಟ್ಟಿನ ನಡುವೆ ಕಟ್ಟಿಕೊಂಡು ರೈಲಿನಲ್ಲಿ ಬೆಂಗಳೂರಿಗೆ ಹೋದೆ. ಅಲ್ಲಿ ಒಣಗಿಡಗಳನ್ನು ಕಪಾಟುಗಳಲ್ಲಿ ಇಡುವ ಒಂದು ಕಡೆ ಒಬ್ಬ ವಯಸ್ಸಾದ ಪ್ರೊಫೆಸರ್ ಇದ್ದರು. ತಂಗಿ ಅವರಿಗೆ ಪತ್ರ ಬರೆಯುತ್ತಿದ್ದಳು. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹೊಸದು ಅಂತ ನನಗೂ ಅನಿಸುತ್ತೆ" ಎಂದರು. "ಆದರೆ ಹಣ್ಣು ಇಲ್ಲವಲ್ಲ. ಹೂವೊಂದನ್ನೇ ನಂಬಿ ಬರೆದರೆ ನಾಳೆ ಯಾರಾದರೂ ತಪ್ಪು ಅಂತ ತೆಗೆದುಹಾಕ್ತಾರೆ. ಹಣ್ಣು ತಂದುಕೊಡಿ. ಅವರ ಹೆಸರಿನಲ್ಲೇ ಪ್ರಕಟ ಮಾಡೋಣ."

"ತರ್ತೀನಿ ಸಾರ್" ಎಂದೆ. ಎಸ್ಸೆಸ್ಸೆಲ್ಸಿ ಮುಗಿಸಿ ಸೂಜಿ ಹಿಡಿದವನು ನಾನು. ಆದರೂ ಹಣ್ಣು ತರುವುದು ಏನು ದೊಡ್ಡ ಕೆಲಸ ಎಂದುಕೊಂಡೆ.

ಗಿಡ ಇದ್ದದ್ದು ಒಂದೇ ಗುಡ್ಡದಲ್ಲಿ. ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಒಂದು ಕಡೆ ಬಸ್ಸಿಳಿದು ಮೂರು ಮೈಲಿ ನಡೆಯಬೇಕು. ಸರ್ಕಾರದ ಪಹಣಿಯಲ್ಲಿ ಅದು ಖರಾಬು, ಜನರ ಬಾಯಲ್ಲಿ ಗೋಮಾಳ. ಸೊಂಟದೆತ್ತರದ ಹುಲ್ಲು, ಅಲ್ಲೊಂದು ಮುತ್ತುಗ, ಇಲ್ಲೊಂದು ಕಗ್ಗಲಿ. ಅಮ್ಮ ಹರೆಯದಲ್ಲಿ ಪೊರಕೆ ಕಟ್ಟಲು ಅಲ್ಲಿ ಹಂಚಿಕಡ್ಡಿ ಕೊಯ್ಯುತ್ತಿದ್ದಳಂತೆ. ತಂಗಿ ತೀರಿಕೊಳ್ಳುವ ಹಿಂದಿನ ವರ್ಷ, ಯುಗಾದಿ ಕಳೆದ ಮೇಲೆ, ನಾವಿಬ್ಬರೂ ಮೊದಲ ಸಲ ಅಲ್ಲಿಗೆ ಹೋಗಿದ್ದೆವು.

"ಜನ ಇದನ್ನ ಹಾಳುಬಿದ್ದ ಕಾಡು ಅಂತಾರೆ" ಎಂದಿದ್ದಳು ಹತ್ತುತ್ತಾ. "ಅಲ್ಲ ಕಣಣ್ಣ. ಇದು ಮೊದಲಿಂದಾನೂ ಹಿಂಗೇ ಇದ್ದಿದ್ದು. ಆಫ್ರಿಕಾದಲ್ಲಿ ಸಿಂಹ ಓಡಾಡೋ ಬಯಲಿದೆಯಲ್ಲ, ಸವನ್ನಾ ಅಂತಾರೆ, ಇದೂ ಅದೇ ಜಾತಿ."

"ಇಲ್ಲಿ ಸಿಂಹ ಎಲ್ಲೈತೆ?"

"ನೀನಿದೀಯಲ್ಲ, ಬಿಸಿಲಿಗೆ ಬಾಯಿ ತೆಗೆದುಕೊಂಡು."

ಗುಡ್ಡದ ಬೆನ್ನಿನ ಆಚೆ ಇಳಿಜಾರು ಸುಟ್ಟು ಕಪ್ಪಾಗಿತ್ತು. ಶಿವರಾತ್ರಿ ಕಳೆದ ಮೇಲೆ ಕುರಿಯವರು ಒಣಹುಲ್ಲಿಗೆ ಬೆಂಕಿ ಕೊಡುವುದು ಇಲ್ಲಿನ ವಾಡಿಕೆ. ಮೊದಲ ಮಳೆಗೆ ಹೊಸ ಹುಲ್ಲು ಬರಲೆಂದು ಹಾಗೆ ಮಾಡುತ್ತಾರೆ. ಆ ಬೂದಿಯ ನಡುವೆ ಅಲ್ಲಲ್ಲಿ ಗೇಣುದ್ದದ ಪೊದೆಗಳು ನೆಲದಿಂದ ಎದ್ದಿದ್ದವು. ಮೈತುಂಬ ತಿಳಿನೇರಳೆ ಹೂವು. ತಂಗಿ ಮಂಡಿಯೂರಿ ಕೂತಳು. ಸೀರೆಗೆ ಮಸಿಯಾಯಿತು.

"ಇದು ನನಗೆ ಗೊತ್ತಿಲ್ಲ ಅಣ್ಣ" ಎಂದಳು.

ಗೊತ್ತಿಲ್ಲ ಎನ್ನುವುದನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಆಮೇಲೆ ನೋಡಿಲ್ಲ. ಗಿಡಗಳನ್ನು ಎಣಿಸಿದೆವು, ನಲವತ್ತೊಂದು. ಕಾಂಡ ದಪ್ಪಗೆ ಮಣ್ಣೊಳಗೆ ಇಳಿದಿತ್ತು, ಮೇಲಿನ ತುದಿ ಸುಟ್ಟು ಇದ್ದಿಲಾಗಿತ್ತು. ಅವಳು ಅದನ್ನು ಮುಟ್ಟಿ, "ಪಾಪ, ಇಷ್ಟು ಸುಟ್ಟರೂ ಹೆಂಗೆ ಬದುಕಿಕೊಂಡಿದೆ ನೋಡು. ಇನ್ನೊಂದು ಸಲ ಬೆಂಕಿ ಬಿದ್ರೆ ಉಳಿಯಲ್ಲ" ಎಂದಳು. ನನಗೂ ಹಾಗೆಯೇ ಅನ್ನಿಸಿತು.

ಕೆಳಗಿನ ಹಳ್ಳಿಯಲ್ಲಿ ಕುರಿ ಕಾಯುವ ತಾತನೊಬ್ಬನ ಹತ್ತಿರ ಅಂದೇ ಹೋದೆವು. ಗಡಿನಾಡಿನವನು, ಮಾತು ಅರ್ಧ ತೆಲುಗು. ಗಿಡ ತೋರಿಸಿ ಹೆಸರು ಕೇಳಿದಳು.

"ಹೆಸರಾ? ಕುರಿ ತಿನ್ನಲ್ಲ, ಒಲೆಗೆ ಬರಲ್ಲ. ಅಂಥಾದ್ದಕ್ಕೆ ಹೆಸರು ಯಾತಕ್ಕಮ್ಮಾ?"

ಆ ಇಳಿಜಾರಿಗೆ ಇನ್ನು ಬೆಂಕಿ ಹಾಕಬೇಡಿ ಎಂದು ಬೇಡಿಕೊಂಡಳು. ಅವನು ಗಡ್ಡ ಕೆರೆದುಕೊಂಡು ಅವಳನ್ನೂ ಗಿಡವನ್ನೂ ನೋಡಿದ. "ಸರೇ" ಎಂದ. "ಅಲ್ಲಿನ ಬಂಡೆಯಿಂದ ಮುತ್ತುಗದ ಮರದ ಗಂಟ ಹಾಕಲ್ಲ. ಮಾತು ಅಂದ್ರೆ ಮಾತು." ನಾನು ಅವನಿಗೆ ವರ್ಷಕ್ಕೊಂದು ಒಳಜೇಬಿನ ಅಂಗಿ ಹೊಲಿದುಕೊಡುತ್ತೇನೆ ಎಂದೆ.

ಆ ಸಲ ಹಣ್ಣು ಸಿಕ್ಕಲಿಲ್ಲ. ಪರೀಕ್ಷೆಯ ಪೇಪರ್ ತಿದ್ದಲು ತಂಗಿಯನ್ನು ಬೆಂಗಳೂರಿಗೆ ಕರೆಸಿಕೊಂಡಿದ್ದರು. ಮುಗಿಸಿ ಬರುವಷ್ಟರಲ್ಲಿ ಆಲಿಕಲ್ಲು ಮಳೆ ಬಿದ್ದು ಗಿಡಗಳು ಬೋಳಾಗಿದ್ದವು. "ಮುಂದಿನ ವರ್ಷ ಬಿಡುತ್ತಲ್ಲ ಬಿಡು" ಎಂದಳು. ಮುಂದಿನ ಯುಗಾದಿಗೆ ಬರೀ ಎಲೆ. ಹೂವು ಬರಲಿಲ್ಲ. ಸುಸ್ತಾಗಿರಬೇಕು, ಒಂದು ವರ್ಷ ವಿಶ್ರಾಂತಿ ತೆಗೆದುಕೊಳ್ಳುತ್ತದೆ ಎಂದು ಅವಳೇ ಸಮಾಧಾನ ಹೇಳಿಕೊಂಡಳು. ಆ ವರ್ಷದ ಕಾರ್ತಿಕದಲ್ಲಿಯೇ ಅವಳು ಹೋದದ್ದು.

ಇನ್ನು ನನ್ನ ಸರದಿ. ಅಂಗಡಿಯ ರಜೆಯ ದಿನ ಬಂತೆಂದರೆ ಗುಡ್ಡ. ರಜೆಯಲ್ಲದ ದಿನವೂ ಒಮ್ಮೊಮ್ಮೆ ಬಾಗಿಲು ಹಾಕಿ ಹೋಗುತ್ತಿದ್ದೆ. ಬೇಸಿಗೆಯಲ್ಲಿ ತಾತನ ಜೊತೆ ನಿಂತು, ಆಚೆಯ ಬೆಂಕಿ ನಮ್ಮ ಗಡಿಯವರೆಗೆ ಬಂದರೆ ದಾಟದಂತೆ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸುತ್ತಿದ್ದೆ. ಆ ಒಂದು ತುಂಡು ನೆಲದಲ್ಲಿ ಹುಲ್ಲು ಬೆಳೆದು ಒಣಗಿ, ಅದರ ಮೇಲೆ ಮತ್ತೆ ಬೆಳೆಯಿತು. ಪೊದೆಗಳನ್ನು ಹುಲ್ಲು ಸರಿಸಿ ಹುಡುಕಬೇಕಾಯಿತು. ನಲವತ್ತೊಂದು ಇದ್ದದ್ದು ಇಪ್ಪತ್ತಾಯಿತು, ಮರುವರ್ಷ ಹನ್ನೊಂದಾಯಿತು. ಯಾಕೆಂದು ತಿಳಿಯದೆ ನಾನು ಇನ್ನಷ್ಟು ಕಾವಲು ಕಾಯುತ್ತಿದ್ದೆ. ಬೇರೆ ಕಡೆ ಇರಬಹುದೆಂದು ಒಂದು ಒಣ ರೆಂಬೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಸ್ಕಂದಗಿರಿಯ ಬುಡದ ಹಳ್ಳಿಗಳನ್ನೂ ಚಿಂತಾಮಣಿಯ ಬಂಡೆಗುಡ್ಡಗಳನ್ನೂ ಸುತ್ತಿದೆ. ಕುರಿಯವರಿಗೆ ತೋರಿಸಿದರೆ ಕಳೆದುಹೋದ ಮಗುವಿನ ಫೋಟೋ ನೋಡುವ ಹಾಗೆ ನೋಡಿ, ಇಲ್ಲ ಎಂದು ತಲೆಯಾಡಿಸುತ್ತಿದ್ದರು.

ಅಮ್ಮ ಒಂದು ದಿನ ತಡೆಯಲಾರದೆ ಹೇಳಿದಳು: "ತಂಗೀನ ಮಣ್ಣು ಮಾಡಿದ ಗುಂಡಿ ಮೇಲೆ ಒಂದು ಹೂ ಹಾಕ್ಬಾ ಅಂದ್ರೆ ಆಗಲ್ಲ ಅಂತೀಯ. ಆ ಗಿಡದ ಬುಡಕ್ಕೆ ಮಾತ್ರ ಕರೆಯದಿದ್ರೂ ಓಡ್ತೀಯ."

ಗುಂಡಿಯ ಹತ್ತಿರ ಹೋದರೆ ಮಾಡಲು ಏನೂ ಇರಲಿಲ್ಲ. ಗುಡ್ಡದಲ್ಲಿ ಮಾಡಲು ಒಂದು ಕೆಲಸ ಇತ್ತು.

ತಂಗಿ ಹೋದ ಮೇಲಿನ ಎರಡನೇ ಬೇಸಿಗೆ. ನಾನು ಹುಲ್ಲಿನಲ್ಲಿ ಬಗ್ಗಿ ಗಿಡಗಳನ್ನು ನೋಡುತ್ತಿದ್ದೆ. ತಾತ ಬಂಡೆಯ ಮೇಲೆ ಕೂತು ಬೀಡಿ ಎಳೆಯುತ್ತಿದ್ದ. ನಾನು ಹೊಲಿದ ಅಂಗಿಯೇ ಅವನ ಮೈಮೇಲಿತ್ತು.

"ಏಮಪ್ಪಾ ಟೈಲರಪ್ಪ, ಗಿಡಕ್ಕೆ ಅಂಗಿ ಅಳತೆ ತಗೋತಿದೀಯಾ?"

"ಹೂವು ಹುಡುಕ್ತಿದೀನಿ ತಾತ."

"ಹೂವಾ? ಈ ವರ್ಷ ಹೂವು ಎಲ್ಲಿಂದ ಬರಬೇಕು?"

"ಯಾಕೆ ಬರಲ್ಲ?"

"ಸುಟ್ಟಿಲ್ಲವಲ್ಲಪ್ಪ." ಅವನಿಗೇ ಆಶ್ಚರ್ಯ. "ಬೆಂಕಿ ಬಿದ್ದ ವರ್ಷಾನೇ ಅದು ಹೂ ಬಿಡೋದು. ನಮ್ಮಪ್ಪನ ಕಾಲದಿಂದ ನೋಡ್ತಿದೀನಿ. ಮೇಲೆ ಸುಟ್ಟು ಬುಡಕ್ಕೆ ಬಿಸಿಲು ತಾಗಬೇಕು, ಆವಾಗ ಏಳುತ್ತೆ."

ನಾನು ಹುಲ್ಲಿನಲ್ಲೇ ಕೂತೆ. "ಮತ್ತೆ ಮೊದಲೇ ಯಾಕೆ ಹೇಳಲಿಲ್ಲ ತಾತ?"

"ನೀವೇನು ಕೇಳಿದ್ರಿ? ಬೆಂಕಿ ಹಾಕಬೇಡ ಅಂದ್ರಿ. ಹಾಕಲಿಲ್ಲ. ಹೂವು ಬೇಕು ಅಂತ ಯಾವತ್ತು ಅಂದ್ರಿ? ಅಷ್ಟು ಓದಿದ ಹುಡುಗಿ ಬೇಡ ಅಂತೈತೆ, ಅದಕ್ಕೆ ಗೊತ್ತಿಲ್ಲದೆ ಇರುತ್ತಾ ಅಂದ್ಕೊಂಡೆ. ಹೂ ಬಿಡದೆ ಇರ್ಲಿ ಅನ್ನೋದೇ ನಿಮ್ಮ ಆಸೆ ಅಂತ ನಾನು ತಿಳ್ಕೊಂಡಿದ್ದೆ."

ಅವನದು ತಪ್ಪಿರಲಿಲ್ಲ. ಕೊಟ್ಟ ಮಾತಿಗಾಗಿ ಅವನು ಮೇವು ಬಿಟ್ಟಿದ್ದ. ತಂಗಿ ಪುಸ್ತಕ ಓದಿದವಳು, ನಾನು ಬಟ್ಟೆ ಹೊಲಿಯುವವನು. ಸುಟ್ಟದ್ದನ್ನು ಕಂಡರೆ ಕಾಪಾಡಬೇಕು ಎನ್ನುವುದು ಬಿಟ್ಟು ಇಬ್ಬರಿಗೂ ಬೇರೆ ಏನೂ ಹೊಳೆದಿರಲಿಲ್ಲ. ಇಷ್ಟು ವರ್ಷ ಕಾವಲು ಕಾದು ಹುಲ್ಲಿನ ಅಡಿಯಲ್ಲಿ ಅವನ್ನು ಉಸಿರುಗಟ್ಟಿಸಿದವರು ನಾವೇ. ಅವಳಿಗೆ ಇದು ತಿಳಿಯದೆ ಹೋದದ್ದು ಒಳ್ಳೆಯದಾಯಿತು ಎಂದುಕೊಂಡೆ. ಬಸ್ಸಿಗೆ ನಡೆಯುವಾಗ ಆ ಮಾತು ನಿಜವಲ್ಲ ಎನಿಸಿತು. ತಿಳಿದಿದ್ದರೆ ಅವಳು ಹಣೆ ಚಚ್ಚಿಕೊಂಡು ನಗುತ್ತಿದ್ದಳು. ಮರುದಿನವೇ ಬೆಂಕಿಪೊಟ್ಟಣ ತಂದಿರುತ್ತಿದ್ದಳು.

ಮಳೆ ಶುರುವಾಗಿಬಿಟ್ಟಿತು. ಮತ್ತೆ ಶಿವರಾತ್ರಿಯವರೆಗೆ ಕಾಯಬೇಕಾಯಿತು. ಆ ತಿಂಗಳುಗಳಲ್ಲಿ ನಾನು ಹೊಲಿದ ಬಟ್ಟೆಗಳಲ್ಲಿ ಎಷ್ಟೋ ವಾಪಸ್ಸು ಬಂದವು. ಒಬ್ಬ ಮೇಷ್ಟರ ಪ್ಯಾಂಟಿಗೆ ಎರಡೂ ಕಾಲು ಎಡದ್ದೇ ಕತ್ತರಿಸಿದ್ದೆ. "ಏನ್ರೀ, ನಾನು ಎಡಕ್ಕೇ ಸುತ್ತುತಾ ಇರಬೇಕಾ?" ಎಂದು ಅವರು ನಕ್ಕರು. ನಾನೂ ನಕ್ಕೆ. ಅವರು ಹೋದ ಮೇಲೆ ಎದ್ದು ಬಾಗಿಲಿಗೆ ಬಂದೆ.

ಶಿವರಾತ್ರಿ ಕಳೆದು ಒಂದು ವಾರಕ್ಕೆ ಬೆಂಕಿ ಕೊಟ್ಟೆವು. ಕಡ್ಡಿ ಗೀರಿದ್ದು ನಾನೇ. ವರ್ಷಗಟ್ಟಲೆ ಕೂಡಿದ್ದ ಹುಲ್ಲು ಒಂದೇ ಸಲ ಹೊತ್ತಿಕೊಂಡಿತು. ಕಾವಿಗೆ ಹಿಂದಕ್ಕೆ ಓಡಿದೆ. ತಾತ ಗಾಳಿ ನೋಡುತ್ತಾ, "ಬಿಡು, ಅದಕ್ಕೆ ದಾರಿ ಗೊತ್ತು" ಎಂದ. ಅರ್ಧ ಗಂಟೆಯಲ್ಲಿ ಬಂಡೆಯಿಂದ ಮುತ್ತುಗದವರೆಗೆ ಕಪ್ಪಾಯಿತು. ಆವತ್ತು ಮನೆಗೆ ಬಂದಾಗ ಅಮ್ಮ ನನ್ನ ಮೈ ಮೂಸಿ ನೋಡಿ ಏನೂ ಕೇಳದೆ ನೀರು ಕಾಯಿಸಿದಳು.

ಇಪ್ಪತ್ತೆರಡನೇ ದಿನಕ್ಕೆ ಏಳು ಗಿಡ ಮೊಗ್ಗು ಬಿಟ್ಟಿದ್ದವು. ತಾತ ಹೇಳಿದ್ದು ಸುಳ್ಳಾಗಲಿಲ್ಲ. ಬೂದಿಯಲ್ಲಿ ಕೂತು ನೋಡಿದೆ. ಅದೇ ಮಡಿಚಿದ ಅಂಚು, ಅದೇ ಫ್ಲಾನೆಲ್ಲು, ಅದೇ ಕಾಲರು. ಜೋರಾಗಿ ಕರೆಯಬೇಕು ಅನ್ನಿಸಿತು, ಕರೆಯಲು ಯಾರೂ ಇರಲಿಲ್ಲ.

ಈ ಸಲ ಹಣ್ಣು ತಪ್ಪಿಹೋಗಬಾರದು. ಮುಂದೆ ಶಾಲೆಯ ಯೂನಿಫಾರ್ಮಿನ ಕಾಲ. ಊರಿನ ಟೈಲರುಗಳೆಲ್ಲ ತಲೆಯೆತ್ತದೆ ಹೊಲಿಯುವ ದಿನಗಳು ಅವು, ವಾರಕ್ಕೊಂದು ಸಲಕ್ಕಿಂತ ಹೆಚ್ಚು ಬರಲಾಗುವುದಿಲ್ಲ. ನಾನಿಲ್ಲದ ದಿನ ಹಣ್ಣು ಉದುರಿದರೆ? ಆಲಿಕಲ್ಲು ಬಿದ್ದರೆ? ಆಗ ನೆನಪಾಯಿತು. ಎಂದೋ ಒಂದು ಸಲ ತಂಗಿ ಬೇರೊಂದು ಗಿಡದ ಕಾಯಿ ಬಿರಿದು ಬೀಜ ಚೆಲ್ಲಿಹೋಗದಿರಲಿ ಎಂದು ಮಲ್ ಬಟ್ಟೆಯ ಪುಟ್ಟ ಚೀಲಗಳನ್ನು ನನ್ನ ಕೈಲಿ ಹೊಲಿಸಿಕೊಂಡಿದ್ದಳು. ಆ ರಾತ್ರಿಯೇ ಕೂತು ಅಂಥವನ್ನು ಹೊಲಿದೆ. ಒಳಗಡೆ ಎಳೆ ಬಿಚ್ಚದಂತೆ ಮಡಿಚಿ ಹೊಲಿದು, ಬಾಯಿಗೆ ಲಾಡಿ ಹಾಕಿ, ಗಾಳಿ ಆಡುವಷ್ಟು ತೆಳು ಬಟ್ಟೆಯಲ್ಲಿ. ತಿಂಗಳುಗಳಿಂದ ನನ್ನ ಕೈ ಅಷ್ಟು ಸರಿಯಾಗಿ ಓಡಿರಲಿಲ್ಲ. ಮರುದಿನ ಹೋಗಿ ಏಳು ಗಿಡದ ಒಂದೊಂದು ಗೊಂಚಲಿಗೂ ಕಟ್ಟಿದೆ. ಒಂದನ್ನೂ ಬಿಡಲಿಲ್ಲ.

"ಪೆಳ್ಳಿ ಮಾಡ್ತಿದೀಯಾ ಅವಕ್ಕೆ? ಮುಸುಕು ಹಾಕಿದೀಯ" ಎಂದ ತಾತ. ಪೆಳ್ಳಿ ಎಂದರೆ ಅವನ ಮಾತಿನಲ್ಲಿ ಮದುವೆ.

"ಕಾಯಿ ಕಟ್ಟಲಿ ತಾತ, ನಿನಗೆ ಊಟ ಹಾಕಿಸ್ತೀನಿ."

ವಾರ ವಾರವೂ ಹೋದೆ. ಬಟ್ಟೆಯ ಒಳಗೆ ನೇರಳೆ ಕಾಣುತ್ತಿತ್ತು, ಆಮೇಲೆ ಕಂದು. ಬಿಚ್ಚಲು ಕೈ ತುರಿಸುತ್ತಿತ್ತು, ಬಿಚ್ಚಲಿಲ್ಲ. ಆರು ವಾರವಾದ ಮೇಲೆ ಒಂದು ಚೀಲ ಬಿಚ್ಚಿದೆ. ಒಣಗಿದ ಹೂವುಗಳು ಇಡಿಯಾಗಿ ಉದುರಿ ತಳದಲ್ಲಿ ಬಿದ್ದಿದ್ದವು. ಕಾಯಿ ಇರಲಿಲ್ಲ. ಎರಡನೆಯದು ಬಿಚ್ಚಿದೆ. ಎಲ್ಲವನ್ನೂ ಬಿಚ್ಚಿದೆ.

ಚೀಲಗಳನ್ನು ಹಾಗೆಯೇ ಕಟ್ಟಿಕೊಂಡು ಬೆಂಗಳೂರಿಗೆ ಹೋದೆ. ಪ್ರೊಫೆಸರ್ ಒಂದು ಚೀಲವನ್ನು ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ನೋಡಿದರು.

"ಹೊಲಿಗೆ ಬಹಳ ಚೆನ್ನಾಗಿದೆ" ಎಂದರು ಮೊದಲು. ಆಮೇಲೆ, "ಇವನ್ನು ಯಾವಾಗ ಕಟ್ಟಿದಿರಿ? ಕಾಯಿ ಕಚ್ಚಿದ ಮೇಲೋ, ಮೊಗ್ಗಿನಲ್ಲೋ?"

"ಮೊಗ್ಗಿನಲ್ಲೇ ಸಾರ್."

ಅವರು ಕನ್ನಡಕ ತೆಗೆದರು. "ಮತ್ತೆ ಜೇನುಹುಳ ಒಳಗೆ ಹೋಗೋದಕ್ಕೆ ದಾರಿ ಎಲ್ಲಿ ಬಿಟ್ಟಿರಿ?"

ನನಗೆ ತಕ್ಷಣ ಅರ್ಥವಾಯಿತು. ಆರನೇ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಓದಿದ್ದೇ. ತಂಗಿ ಚೀಲ ಕಟ್ಟಿದ್ದು ಬಲಿತ ಕಾಯಿಗೆ. ನನ್ನ ನೆನಪಿನಲ್ಲಿ ಉಳಿದದ್ದು ಚೀಲ ಮಾತ್ರ. ಪ್ರೊಫೆಸರ್ ಬೈಯಲಿಲ್ಲ, ಕಾಫಿ ತರಿಸಿದರು. "ಮುಂದಿನ ವರ್ಷ ಬಿಡುತ್ತೆ, ಬಿಡಿ" ಎಂದರು. ಆ ಮಾತನ್ನು ನಾನು ಇನ್ನೊಬ್ಬರ ಬಾಯಲ್ಲಿ ಮೊದಲೇ ಕೇಳಿದ್ದೆ. ಕಾಫಿ ಅರ್ಧಕ್ಕೆ ಬಿಟ್ಟು ಎದ್ದೆ.

ಮುಂದಿನ ವರ್ಷಕ್ಕೆ ಗುಡ್ಡದಲ್ಲಿ ಗುಂಡಿಗಳು ಬಿದ್ದಿದ್ದವು. ಪಾಳುಬಿದ್ದ ಜಾಗವೆಂದು ಅರಣ್ಯ ಇಲಾಖೆಯವರು ನೀಲಗಿರಿ ಸಸಿ ನೆಡಲು ತೋಡಿದ್ದರು, ಒಂದೇ ಅಳತೆಯಲ್ಲಿ, ನೇರ ಸಾಲಿನಲ್ಲಿ. ಕಾವಲಿಗೆ ಒಬ್ಬನನ್ನು ಹಾಕಿ ಕುರಿಗಳನ್ನು ಹೊರಗಿಟ್ಟರು. ತಾತ ಮಂದೆಯನ್ನು ಬೇರೆ ಕಡೆಗೆ ಹೊಡೆದ. ಗುಂಡಿ ತೋಡಲಾಗದ ಬಂಡೆಯ ಅಂಚಿನಲ್ಲಿ ಮಾತ್ರ ಮೂರು ಗಿಡ ಉಳಿದಿದ್ದವು. ಬೇಸಿಗೆಯಲ್ಲಿ ನಾನು ಅವುಗಳ ಸುತ್ತ ಒಣಹುಲ್ಲು ತಂದು ಹರಡಿ ಒಂದು ಸಣ್ಣ ಬೆಂಕಿ ಹಾಕಲು ನೋಡಿದೆ. ಕಾವಲಿನವನು ಓಡಿ ಬಂದು ಕೈ ಹಿಡಿದ.

"ಏನ್ರೀ ಯಜಮಾನ್ರೇ, ನೋಡಿದ್ರೆ ಮರ್ಯಾದಸ್ಥರ ಥರ ಇದೀರ. ಬೆಂಕಿ ಹಾಕ್ತೀರಾ?"

"ಈ ಗಿಡ ಹೂ ಬಿಡ್ಲಿ ಅಂತ ಕಣಪ್ಪ."

ಅವನು ನನ್ನ ಮುಖವನ್ನೂ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆಯನ್ನೂ ನೋಡಿದ. ಕೈ ಬಿಟ್ಟು, ಮೆತ್ತಗಿನ ದನಿಯಲ್ಲಿ, "ಮನೆಗೆ ಹೋಗಿ ಸ್ವಾಮಿ, ಬಿಸಿಲು ಜಾಸ್ತಿ ಐತೆ" ಎಂದ. ಕಡ್ಡಿಪೆಟ್ಟಿಗೆ ಅವನೇ ಇಟ್ಟುಕೊಂಡ.

ಪ್ರೊಫೆಸರ್ ನಿವೃತ್ತರಾದ ಮೇಲೂ ಆ ಹಾಳೆಗಳನ್ನು ಬಿಡಲಿಲ್ಲ. ತಂಗಿಯ ಕನ್ನಡವನ್ನು ಲ್ಯಾಟಿನ್ನಿಗೂ ಇಂಗ್ಲಿಷಿಗೂ ಅವರೇ ತಿರುಗಿಸಿದರು. ಹೂವೊಂದನ್ನೇ ಆಧಾರ ಮಾಡಿಕೊಂಡು, ಕುಲದ ಹೆಸರಿನ ಮುಂದೆ ಅನುಮಾನದ ಗುರುತು ಇಟ್ಟು, ಗಿಡದ ಹೆಸರಿನ ಪಕ್ಕದಲ್ಲಿ ಮೊದಲು ತಂಗಿಯ ಹೆಸರು ಬರುವಂತೆ ಅಚ್ಚು ಹಾಕಿಸಿದರು. ಅಂಚೆಯ ಲಕೋಟೆಯಲ್ಲಿ ನನಗೊಂದು ಪ್ರತಿ ಬಂತು. ನಾಲ್ಕು ಪುಟ. ಒಂದು ಅಕ್ಷರವೂ ನನಗೆ ಅರ್ಥವಾಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಪೆನ್ಸಿಲ್ಲಿನಲ್ಲಿ ಪಕ್ಕಪಕ್ಕದಲ್ಲೇ ಕನ್ನಡ ಬರೆದಿದ್ದರು: ಇಲ್ಲಿ ಎಲೆಯ ಅಂಚು, ಇಲ್ಲಿ ನಿಮ್ಮ ಕಾಲರು. ಕೊನೆಯಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದು, 'ಹಣ್ಣು ಕಂಡುಬಂದಿಲ್ಲ' ಎಂದಿತ್ತು.

ಅಮ್ಮನಿಗೆ ಓದಿ ಹೇಳಿದೆ. ಅವಳು ಆ ಪುಟದಲ್ಲಿ ಮಗಳ ಹೆಸರು ಎಲ್ಲಿದೆಯೆಂದು ನನ್ನ ಕೈಲಿ ಬೆರಳಿಡಿಸಿ ನೋಡಿದಳು.

"ಹಂಚಿಕಡ್ಡಿ ಕೊಯ್ಯಕ್ಕೆ ಹೋದಾಗ ಆ ಗುಡ್ಡದಲ್ಲಿ ಸೀರೆ ಅಂಚಿಗೆ ಏನೋ ಸಣ್ಣ ಕಾಯಿ ಅಂಟ್ಕೊಂಡು ಬರ್ತಿತ್ತು" ಎಂದಳು. "ಮನೆಗೆ ಬಂದು ಕಿತ್ತು ಕಿತ್ತು ಒಲೆಗೆ ಹಾಕ್ತಿದ್ದೆ."

"ಅದೇನಾ ಅಮ್ಮ? ಹೆಂಗಿತ್ತು? ದುಂಡಗಾ, ಚಪ್ಪಟೆನಾ?"

"ಯಾರಿಗೆ ನೆನಪೈತಪ್ಪ. ಉತ್ತರಾಣಿನೋ ಏನೋ. ಎಲ್ಲಾ ಅಂಟ್ಕೊಳ್ಳೋವೇ."

ಮರುದಿನ ನಾನು ಗುಡ್ಡಕ್ಕೆ ಹೋದೆ. ಆಮೇಲೂ ಹೋಗುತ್ತಿದ್ದೇನೆ. ನೀಲಗಿರಿ ಈಗ ಆಳೆತ್ತರ ದಾಟಿದೆ, ಕೆಳಗೆ ಹುಲ್ಲಿಲ್ಲ. ಬಂಡೆಯ ಅಂಚಿನ ಮೂರು ಗಿಡಗಳಲ್ಲಿ ಎರಡಕ್ಕೆ ಎಲೆ ಇದೆ. ಬರುವಾಗ ಪಂಚೆಯ ಅಂಚನ್ನು ಬಿಡಿಸಿ ನೋಡುತ್ತೇನೆ. ಉತ್ತರಾಣಿ ಇರುತ್ತದೆ.

ತಂಗಿಯ ಪುಸ್ತಕದ ಆ ಸಾಲು ಎರಡು ಚುಕ್ಕಿಯ ಮುಂದೆ ಹಾಗೆಯೇ ಇದೆ. ನಾನು ಹೊಲಿದ ಹಾಳೆ ಬೆಂಗಳೂರಿನ ಕಪಾಟಿನಲ್ಲಿದೆ, ಹೋದ ತಿಂಗಳು ಕೇಳಿ ತೆಗೆಸಿ ನೋಡಿದೆ. ರೆಂಬೆ ಸಡಿಲವಾಗಿಲ್ಲ, ಗಂಟು ಹಿಂದುಗಡೆಯೇ ಇದೆ. ಮೂಲೆಯ ಪೊಟ್ಟಣದ ನಾಲ್ಕು ಟಾಕಾಗಳೂ ಗಟ್ಟಿಯಾಗಿವೆ. ಅದರೊಳಗೆ ಹಣ್ಣಿಲ್ಲ.